1963ರಿಂದ 2017ರವರೆಗೆ: ಡೌರೊ ನದಿಯ ಗುಂಟ ಪೋರ್ಟ್ ವೈನ್

ಗುರುವಾರ, ಪೋರ್ಟೊ

ಅಕ್ಕ ಮತ್ತು ಭಾವ ತಾವು ನೆಲೆಸಿರುವ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ, ನಾನು ಬೆಂಗಳೂರಿನಿಂದ ಹೊರಟು ಪೋರ್ಚುಗಲ್‌ನ ಪೋರ್ಟೊ ವಿಮಾನ ನಿಲ್ದಾಣದಲ್ಲಿ ಕೂಡಿಕೊಂಡು, ಮೆಟ್ರೊ ಹಿಡಿದು ಊರೊಳಗೆ ಬಂದಾಗ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಸೆಪ್ಟೆಂಬರ್ ತಿಂಗಳ ಕೊನೆಯ ವಾರವಾದರೂ ಅಟ್ಲಾಂಟಿಕ್ ಕಡೆಯಿಂದ ತೇಲಿ ಬಂದ ಮಂಜು ನದಿಯನ್ನು ಮುಚ್ಚಿಬಿಟ್ಟಿತ್ತು. ನಾವು ಬಂದಿದ್ದೇ ಈ ನದಿಗಾಗಿ. ಡೌರೊ ಕಣಿವೆಯಲ್ಲಿ ಬೆಳೆದ ದ್ರಾಕ್ಷಿಯಿಂದ ಆಗುವ ವಿಂಟೇಜ್ ಪೋರ್ಟನ್ನು, ಎಂದರೆ ಒಂದೇ ವರ್ಷದ ಫಸಲಿನ, ಸಾರಾಯಿ ಬೆರೆಸಿದ ಸಿಹಿ ವೈನನ್ನು, ಬೇರೆ ಬೇರೆ ವಯಸ್ಸಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡು ರುಚಿ ನೋಡಬೇಕೆಂಬುದು ಭಾವನ ಬಹುಕಾಲದ ಆಸೆ. ಅದಕ್ಕೆ ಮುಂಚೆ ಅದು ಹುಟ್ಟುವ ಬೆಟ್ಟವನ್ನು ನೋಡಲೇಬೇಕೆಂದು ಹಟ ಹಿಡಿದವನು ನಾನು. ಅಕ್ಕ ಸಸ್ಯಾಹಾರಿ, ಮದ್ಯ ಮುಟ್ಟುವವಳಲ್ಲ. ಊರು ನೋಡಲು ಬಂದವಳು.

ನಮ್ಮದು ಕಾರವಾರದ ಕಡೆಯಾದ್ದರಿಂದ ‘ಪೋರ್ಟ್ ವೈನ್’ ಎಂಬ ಹೆಸರು ಚಿಕ್ಕಂದಿನಿಂದಲೂ ಕಿವಿಗೆ ಬಿದ್ದದ್ದೇ. ಗೋವಾದ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಸಿಹಿ ಕೆಂಪು ವೈನಿಗೂ ಇಲ್ಲಿನ ವಸ್ತುವಿಗೂ ಹೆಸರು ಮತ್ತು ಸಿಹಿ ಬಿಟ್ಟರೆ ಹೆಚ್ಚಿನ ನಂಟಿಲ್ಲ. ಯುರೋಪಿನಲ್ಲಿ ಡೌರೊ ಸರಹದ್ದಿನ ಹೊರಗೆ ಮಾಡಿದ್ದನ್ನು ಪೋರ್ಟ್ ಎಂದು ಮಾರುವಂತೆಯೇ ಇಲ್ಲ. ಆ ಸರಹದ್ದನ್ನು ಪೋರ್ಚುಗಲ್ ರಾಜನ ಮಂತ್ರಿಯಾಗಿದ್ದ ಪೊಂಬಾಲ್‌ನ ಮಾರ್ಕ್ವಿಸ್ 1756ರಲ್ಲೇ ಗುರುತಿಸಿ, ಅಲ್ಲಲ್ಲಿ ಗ್ರಾನೈಟ್ ಕಂಬಗಳನ್ನು ನೆಡಿಸಿದ್ದ.

ಸಂಜೆ ದೊಂ ಲೂಯಿಸ್ ಸೇತುವೆಯ ಮೇಲಿನ ಅಂತಸ್ತಿನಲ್ಲಿ ನಡೆದು ನದಿ ದಾಟಿದೆವು. 1886ರಲ್ಲಿ ತೆರೆದ ಈ ಕಬ್ಬಿಣದ ಸೇತುವೆಯ ಮೇಲ್ಭಾಗದಲ್ಲಿ ಈಗ ಮೆಟ್ರೊ ಓಡುತ್ತದೆ. ಹಳಿಗೂ ಕಾಲುದಾರಿಗೂ ನಡುವೆ ತಡೆಯೇನೂ ಇಲ್ಲವಾದ್ದರಿಂದ ಫೋಟೊ ತೆಗೆಯುವವರು ಹಿಂದೆ ಮುಂದೆ ನೋಡಿಕೊಂಡೇ ನಿಲ್ಲಬೇಕು. ಮಂಜು ಸ್ವಲ್ಪ ಸರಿದಾಗ ಆಚೆ ದಂಡೆಯ ವಿಲಾ ನೋವಾ ಡಿ ಗಾಯಾ ಕಾಣಿಸಿತು. ಇಳಿಜಾರಿನ ತುಂಬ ಉದ್ದುದ್ದ ಹೆಂಚಿನ ಮಾಡುಗಳು. ಅವುಗಳ ಮೇಲೆ ಶತಮಾನಗಳಷ್ಟು ಹಳೆಯ ವೈನ್ ಮನೆತನಗಳ ಹೆಸರುಗಳು ದೊಡ್ಡ ಬಿಳಿ ಅಕ್ಷರಗಳಲ್ಲಿ. ದ್ರಾಕ್ಷಿ ಬೆಳೆಯುವುದು ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ, ಸುಡು ಬಿಸಿಲಿನ ಕಣಿವೆಯಲ್ಲಿ. ವೈನ್ ವಯಸ್ಸಾಗುವುದು ಇಲ್ಲಿ, ಉತ್ತರಕ್ಕೆ ಮುಖ ಮಾಡಿದ ಈ ತಂಪು ತೇವದ ಇಳಿಜಾರಿನಲ್ಲಿ. 1986ರವರೆಗೆ ರಫ್ತಾಗುವ ಪೋರ್ಟೆಲ್ಲ ಗಾಯಾದ ಮೂಲಕವೇ ಹೋಗಬೇಕೆಂಬ ಕಾನೂನೂ ಇತ್ತು.

ದಂಡೆಯ ಹಿಂದಿನ ಗಲ್ಲಿಯ ಒಂದು ಚಿಕ್ಕ ವೈನಂಗಡಿಯಲ್ಲಿ ಕುಳಿತಿದ್ದ ವಯಸ್ಸಾದ ಮಾಲೀಕರು ಗಿರಾಕಿಗಳಿಲ್ಲದ ಹೊತ್ತಾದ್ದರಿಂದ ನಮಗೆ ಮೊದಲ ಪಾಠ ಹೇಳಿದರು. ಪೋರ್ಟಿಗೆ ವಯಸ್ಸಾಗುವ ದಾರಿ ಎರಡು: ಮರದೊಳಗೆ ಮತ್ತು ಗಾಜಿನೊಳಗೆ. ಪೀಪಾಯಿಯಲ್ಲಿ ಉಳಿದದ್ದು ಮರದ ಸಂದಿನಿಂದ ನಿಧಾನವಾಗಿ ಗಾಳಿ ಕುಡಿಯುತ್ತ, ಬಣ್ಣ ಕಳೆದುಕೊಂಡು ಕಂದಾಗಿ, ಒಣಹಣ್ಣು ಮತ್ತು ಬಾದಾಮಿಯ ಪರಿಮಳದ ಟಾನಿ ಆಗುತ್ತದೆ. ವಿಂಟೇಜ್ ಹಾಗಲ್ಲ. ಒಂದೇ ವರ್ಷದ, ಆಯ್ದ ವೈನನ್ನು ಸುಮಾರು ಎರಡು ವರ್ಷ ಪೀಪಾಯಿಯಲ್ಲಿಟ್ಟು, ಸೋಸದೆ ಬಾಟಲಿಗೆ ತುಂಬಿ ಬಿರಡೆ ಜಡಿದುಬಿಡುತ್ತಾರೆ. ಮುಂದಿನ ಇಪ್ಪತ್ತು, ನಲವತ್ತು, ಅರವತ್ತು ವರ್ಷಗಳ ಬದಲಾವಣೆಯೆಲ್ಲ ಹೊರಗಿನ ಗಾಳಿ ಹೆಚ್ಚುಕಡಿಮೆ ತಾಕದ ಆ ಕತ್ತಲಲ್ಲೇ ನಡೆಯಬೇಕು. ಎಲ್ಲ ವರ್ಷವೂ ಇದನ್ನು ಮಾಡುವುದಿಲ್ಲ. ಫಸಲು ಅಸಾಧಾರಣವಾಗಿದೆ ಎಂದು ಮನೆತನಕ್ಕೆ ಅನ್ನಿಸಿ, ಪೋರ್ಟಿನ ಮೇಲ್ವಿಚಾರಣೆ ನೋಡುವ ಸರ್ಕಾರಿ ಸಂಸ್ಥೆಯೂ ಮಾದರಿ ನೋಡಿ ಒಪ್ಪಿದರೆ ಮಾತ್ರ ಆ ವರ್ಷವನ್ನು ‘ಘೋಷಿಸುತ್ತಾರೆ’. ಹತ್ತು ವರ್ಷಕ್ಕೆ ಸುಮಾರು ಮೂರು ಸಲ ಎಂಬುದು ರೂಢಿಯ ಲೆಕ್ಕ.

“ಹಳೆಯದಾದಷ್ಟೂ ಒಳ್ಳೆಯದಾಗುತ್ತದೆ, ಅಲ್ಲವೇ?” ಎಂದು ಭಾವ ಕೇಳಿದರು. ಮಾಲೀಕರು ನಕ್ಕು, ಅದನ್ನು ನೀವೇ ನೋಡಿ ಬಂದು ನನಗೆ ಹೇಳಿ ಎಂದರು.

ರಾತ್ರಿ ಊಟಕ್ಕೆ ಅಕ್ಕ ಕಾಲ್ದು ವೆರ್ದ್ ಎಂಬ ಆಲೂಗಡ್ಡೆ ಮತ್ತು ಸಣ್ಣಗೆ ಹೆಚ್ಚಿದ ಎಲೆಕೋಸಿನ ಜಾತಿಯ ಸೊಪ್ಪಿನ ಸಾರನ್ನು ಹೇಳಿ, ಮಾಂಸ ಬೇಡವೆಂದು ಎರಡು ಬಾರಿ ತಿಳಿಸಿದಳು. ಬಟ್ಟಲಿನಲ್ಲಿ ಮಾಂಸದ ತುಂಡೇನೋ ಇರಲಿಲ್ಲ, ಆದರೆ ಸಾರಿನ ಮೇಲೆ ಕೆಂಪು ಎಣ್ಣೆಯ ಪುಟ್ಟ ವೃತ್ತಗಳು ತೇಲುತ್ತಿದ್ದವು. ಸಾಸೇಜಿನ ಬಿಲ್ಲೆಯನ್ನು ಆಗಷ್ಟೇ ಎತ್ತಿ ತಂದಿದ್ದರು. ಅಕ್ಕ ಬಟ್ಟಲನ್ನು ಸದ್ದಿಲ್ಲದೆ ಭಾವನ ಮುಂದೆ ಸರಿಸಿ, ಜೋಳದ ಹಿಟ್ಟಿನ ಬ್ರೋವಾ ರೊಟ್ಟಿ, ಗಿಣ್ಣು ಮತ್ತು ಆಲಿವ್ ಹಣ್ಣುಗಳಲ್ಲಿ ಊಟ ಮುಗಿಸಿದಳು. ಮರುದಿನದಿಂದ ನಾವು ಆರ್ಡರ್ ಮಾಡುವ ಮೊದಲೇ ‘ಸೆಂ ಶೊರಿಸು’ (ಸಾಸೇಜಿಲ್ಲದೆ) ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆವು. ಹಾಗೆಂದರೆ ಒಲೆಯ ಬಳಿಯೇ ವಿಷಯ ಇತ್ಯರ್ಥವಾಗುತ್ತದೆ.

ಶುಕ್ರವಾರ, ರೈಲಿನ ಬಲಬದಿ

ಸಾಂವ್ ಬೆಂಟೊ ನಿಲ್ದಾಣದ ಗೋಡೆಗಳ ಮೇಲೆ ಜಾರ್ಜ್ ಕೊಲಾಸು ಚಿತ್ರಿಸಿದ, ಸುಮಾರು ಇಪ್ಪತ್ತು ಸಾವಿರ ನೀಲಿ ಹೆಂಚುಗಳ ಮೇಲೆ ಹರಡಿದ ಯುದ್ಧ, ಮೆರವಣಿಗೆ, ಕೊಯ್ಲುಗಳ ದೃಶ್ಯಗಳಿವೆ. ನೋಡುತ್ತ ನಿಂತರೆ ರೈಲು ತಪ್ಪುತ್ತದೆ. ಡೌರೊ ಮಾರ್ಗದ ಗಾಡಿಯಲ್ಲಿ ಮೇಲ್ಮುಖವಾಗಿ ಹೋಗುವವರು ಬಲಬದಿಯ ಕಿಟಕಿ ಹಿಡಿಯಬೇಕೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅರ್ಧ ಗಂಟೆ ಮೊದಲೇ ಬಂದು ನಿಂತಿದ್ದರಿಂದ ನಮಗೆ ಅದು ಸಿಕ್ಕಿತು. ಮೊದಲ ಒಂದು ಗಂಟೆ ನದಿಯ ಸುಳಿವೇ ಇಲ್ಲ. ಹಿತ್ತಲುಗಳು, ಕೋಸಿನ ಪಾತಿಗಳು, ನೀಲಗಿರಿ ತೋಪುಗಳು. ಆಮೇಲೆ ಒಂದು ಸುರಂಗ ದಾಟುತ್ತಿದ್ದಂತೆ ಇದ್ದಕ್ಕಿದ್ದಂತೆ ಕಿಟಕಿಯ ಕೆಳಗೇ ಹಸಿರು ನೀರು. ಅಲ್ಲಿಂದ ನಾವು ಇಳಿಯಬೇಕಾದ ಪಿನ್ಯಾಂವ್‌ವರೆಗೂ ಹಳಿ ನದಿಯ ಕೈ ಬಿಡುವುದಿಲ್ಲ.

ನೀರು ಅಷ್ಟು ಶಾಂತವಾಗಿರುವುದಕ್ಕೆ ಕಾರಣ 1970ರ ದಶಕದಿಂದೀಚೆಗೆ ಕಟ್ಟಿ ಮುಗಿಸಿದ ಅಣೆಕಟ್ಟುಗಳ ಸಾಲು. ಅದಕ್ಕೆ ಮುಂಚಿನ ಡೌರೊ ಬಂಡೆ ಮತ್ತು ಸುಳಿಗಳ ನದಿ. ಪೀಪಾಯಿಗಳನ್ನು ಹೇರಿಕೊಂಡ ರಬೆಲು ಎಂಬ ಚಪ್ಪಟೆ ತಳದ ದೋಣಿಗಳು ಪ್ರಾಣ ಕೈಯಲ್ಲಿ ಹಿಡಿದೇ ಗಾಯಾಕ್ಕೆ ಇಳಿಯುತ್ತಿದ್ದವು. ಕಣಿವೆಯ ನಕ್ಷೆಯನ್ನು ಬರೆದ ಇಂಗ್ಲಿಷ್ ವ್ಯಾಪಾರಿ ಜೋಸೆಫ್ ಜೇಮ್ಸ್ ಫಾರೆಸ್ಟರ್ 1861ರಲ್ಲಿ ವಲೇರಾದ ಸುಳಿಯಲ್ಲೇ ಮುಳುಗಿಹೋದ. ಅದೇ ದೋಣಿಯಲ್ಲಿದ್ದ, ಕಣಿವೆಯ ದ್ರಾಕ್ಷಿತೋಟಗಳ ಒಡತಿ ದೋನಾ ಅಂತೋನಿಯಾ ಫೆರೇರಾ ತನ್ನ ಅಗಲವಾದ ಲಂಗದೊಳಗೆ ಗಾಳಿ ತುಂಬಿ ತೇಲಿದ್ದರಿಂದ ಬದುಕಿದಳೆಂಬ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ.

ಎದುರಿನ ಸೀಟಿನಲ್ಲಿದ್ದ ಅಜ್ಜಿ ಎಷ್ಟೋ ವರ್ಷ ಫ್ರಾನ್ಸ್‌ನಲ್ಲಿ ಮನೆಗೆಲಸ ಮಾಡಿ ಊರಿಗೆ ಮರಳಿದವರು. ಭಾವನ ಹರಕು ಮುರುಕು ಫ್ರೆಂಚ್ ಅವರ ಜೊತೆ ಹೇಗೋ ಸಾಗಿತು. ಕೊಯ್ಲಿಗೆ ತಂಗಿಯ ಮನೆಗೆ ಹೊರಟಿದ್ದರು. ತೋಟಕ್ಕಿಳಿಯಲು ಮೊಣಕಾಲು ಒಪ್ಪುವುದಿಲ್ಲ, ಆದರೆ ಮೂವತ್ತು ಜನಕ್ಕೆ ಅಡುಗೆ ಮಾಡಲು ಯಾರಾದರೂ ಬೇಕಲ್ಲ ಎಂದರು. ಹವೆಯ ಬಗ್ಗೆ ಕೇಳಿದ್ದಕ್ಕೆ, “ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ” ಎಂಬ ಕಣಿವೆಯ ಗಾದೆಯನ್ನು ಹೇಳಿ ಬೀಸಣಿಗೆ ಬಿಚ್ಚಿದರು. ಪೋರ್ಟೊದಲ್ಲಿ ಸ್ವೆಟರ್ ಹಾಕಿಕೊಂಡು ಹತ್ತಿದ್ದ ನಾವು ರೆಗುವಾ ತಲುಪುವ ಹೊತ್ತಿಗೆ ತೋಳು ಮಡಚಿದ್ದೆವು. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಬರಿದಾಗುವಂತೆ, ಕಡಲ ಮೋಡಗಳೆಲ್ಲ ಮರಾಂವ್ ಬೆಟ್ಟಸಾಲಿನ ಆಚೆಗೇ ಖಾಲಿಯಾಗಿ ಈ ಕಡೆಗೆ ಒಣ ಬಿಸಿಲು ಮಾತ್ರ ದಾಟುತ್ತದೆ. ಅಜ್ಜಿ ಇಳಿಯುವಾಗ ಕಾಗದದ ಪೊಟ್ಟಣದಿಂದ ಒಂದು ಹಿಡಿ ಬಾದಾಮಿಯನ್ನು ಅಕ್ಕನ ಕೈಗೆ ಸುರಿದು ಹೋದರು.

ಪಿನ್ಯಾಂವ್ ನಿಲ್ದಾಣದ ಗೋಡೆಗಳಲ್ಲೂ ನೀಲಿ ಹೆಂಚಿನ ಚಿತ್ರಗಳಿವೆ. 1937ರ ಈ ಇಪ್ಪತ್ತನಾಲ್ಕು ಫಲಕಗಳಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಬುಟ್ಟಿ ಹೊತ್ತ ಆಳುಗಳು, ಬಳ್ಳಿಗಳು, ದೋಣಿಗಳು. ನನಗೆ ಸಾಂವ್ ಬೆಂಟೊಗಿಂತ ಇವೇ ಹೆಚ್ಚು ಹಿಡಿಸಿದವು.

ಶನಿವಾರ, ಪಿನ್ಯಾಂವ್ ಮೇಲಿನ ಬೆಟ್ಟ

ಬೆಳಗ್ಗೆ ಎಂಟಕ್ಕೆ ಕಸಾಲ್ ದೆ ಲೊಯ್ವುಸ್ ಎಂಬ ಮೇಲಿನ ಹಳ್ಳಿಗೆ ನಡೆದೇ ಹೊರಟೆವು. ಕೆಳಗಿನಿಂದ ನೋಡಿದರೆ ಹತ್ತಿರ. ಆದರೆ ರಸ್ತೆ ಸುತ್ತಿ ಸುತ್ತಿ ಏರುತ್ತದೆ, ನೆರಳೆಂಬುದಿಲ್ಲ, ನೀರಿನ ಬಾಟಲಿ ಅರ್ಧ ದಾರಿಗೇ ಖಾಲಿ. ಹತ್ತುವುದಕ್ಕೆ ಟ್ಯಾಕ್ಸಿ ಹಿಡಿದು ಇಳಿಯುವುದಕ್ಕೆ ನಡೆಯುವುದು ಬುದ್ಧಿವಂತರ ಕ್ರಮವೆಂದು ಮೇಲಿನ ಕಟ್ಟೆಯಲ್ಲಿ ಕುಳಿತ ಮೇಲೆ ಅಕ್ಕ ತೀರ್ಪು ಕೊಟ್ಟಳು. ಕೆಳಗೆ ನದಿ ಬಿಲ್ಲಿನಂತೆ ಬಾಗಿತ್ತು. ಎರಡೂ ದಂಡೆಯ ಬೆಟ್ಟಗಳು ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲು. 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ನೋಟದಲ್ಲಿ ಮನುಷ್ಯನ ಕೈ ತಾಗದ ಇಳಿಜಾರು ಹುಡುಕಿದರೂ ಸಿಗಲಿಕ್ಕಿಲ್ಲ.

ಇಲ್ಲಿನ ನೆಲವನ್ನು ಮಣ್ಣೆಂದು ಕರೆಯುವುದು ಕಷ್ಟ. ಅದು ಒಡೆದ ಪದರಗಲ್ಲು, ಷಿಸ್ಟ್. ಒಂದು ಚೂರನ್ನು ಕೈಗೆತ್ತಿಕೊಂಡರೆ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತಿತ್ತು, ಬೆರಳಿಗೆ ಬೆಳ್ಳಿಯ ಬಣ್ಣದ ಪುಡಿ ಮೆತ್ತುತ್ತಿತ್ತು, ಬೆಳಗಿನ ಒಂಬತ್ತಕ್ಕೇ ಬಿಸಿಯಾಗಿತ್ತು. ಕಲ್ಲಿನ ಪದರಗಳು ಲಂಬವಾಗಿ ನಿಂತಿರುವುದರಿಂದ ಬೇರುಗಳು ಸಂದಿನೊಳಗೆ ಇಳಿದು ಆಳದ ತೇವವನ್ನು ಹುಡುಕಿಕೊಳ್ಳುತ್ತವೆ. ಹಳೆಯ ಗೋಡೆಗಳನ್ನು ಸುಣ್ಣ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಾರೆ. ನಡುವೆ ಅಲ್ಲಲ್ಲಿ ಪೊದೆ ಬೆಳೆದ, ಗೋಡೆ ಕುಸಿದ ಪಾಳು ಹಂತಗಳು ಕಾಣುತ್ತವೆ; ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಬೇರುಹುಳ ಬಳ್ಳಿಗಳನ್ನು ಕೊಂದಾಗ ಬಿಟ್ಟುಹೋದವುಗಳಲ್ಲಿ ಮತ್ತೆ ಯಾರೂ ನೆಡಲಿಲ್ಲ. ಈಗಿನ ಬಳ್ಳಿಗಳಲ್ಲಿ ಹೆಚ್ಚಿನವು ಆ ಹುಳಕ್ಕೆ ಬಗ್ಗದ ಅಮೆರಿಕದ ಬೇರಿಗೆ ಕಸಿ ಮಾಡಿದವು.

ಇಳಿಯುವಾಗ ಕೊಯ್ಲು ನಡೆಯುತ್ತಿದ್ದ ಒಂದು ತೋಟದ ಅಂಚಿನಲ್ಲಿ ನಿಂತೆವು. ತೋಟದ ಯಜಮಾನ ಪೆಟ್ಟಿಗೆ ಎಣಿಸುತ್ತ ನಿಂತಿದ್ದವರು ಒಂದು ಗೊಂಚಲು ಮುರಿದು ಕೊಟ್ಟರು. ತೊರಿಗಾ ನಾಸ್ಯೊನಾಲ್ ಎಂಬ ತಳಿ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಜಗಿದರೆ ಮೊದಲು ಸಿಹಿ, ಆಮೇಲೆ ನಾಲಿಗೆಯನ್ನು ಹಿಡಿದೆಳೆಯುವ ಒಗರು. ಆ ಒಗರೇ ಬಾಟಲಿಯೊಳಗೆ ಅರ್ಧ ಶತಮಾನ ವೈನನ್ನು ಕಾಯುವುದೆಂದು ಅವರು ಹೇಳಿದರು. ಅವರ ದೂರು ಮಾತ್ರ ಬೇರೆಯೇ ಇತ್ತು. ಯಾರು ಎಷ್ಟು ದ್ರಾಕ್ಷಿರಸವನ್ನು ಪೋರ್ಟ್ ಮಾಡಬಹುದೆಂಬುದನ್ನು ಪ್ರತಿ ವರ್ಷ ಕೋಟಾ ಹಾಕಿ ನಿಗದಿ ಮಾಡುತ್ತಾರೆ. ಈಚೆಗೆ ಜಗತ್ತು ಪೋರ್ಟ್ ಕುಡಿಯುವುದು ಇಳಿದಿರುವುದರಿಂದ ಆ ಪಾಲೂ ಇಳಿಯುತ್ತಿದೆ. ಉಳಿದ ಹಣ್ಣನ್ನು ಸಾಧಾರಣ ವೈನಿಗೆ ಕೊಟ್ಟರೆ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಗಾಯಾದಲ್ಲಿ ಪ್ರವಾಸಿಗರು ಒಂದು ಲೋಟಕ್ಕೆ ಕೊಡುವ ಹಣವನ್ನು ಕೇಳಿ ತಿಳಿದಿದ್ದ ಅವರು, ಅದನ್ನು ನಮ್ಮ ಬಾಯಿಂದಲೂ ಹೇಳಿಸಿ, ತಲೆಯಾಡಿಸಿ ಮತ್ತೆ ಪೆಟ್ಟಿಗೆಗಳ ಕಡೆ ತಿರುಗಿದರು.

ಸಂಜೆ ಒಂದು ಕಿಂತಾದಲ್ಲಿ, ಎಂದರೆ ತೋಟದ ಮನೆಯಲ್ಲಿ, ದ್ರಾಕ್ಷಿ ತುಳಿಯಲು ಹೋದೆವು. ಕೊಯ್ಲಿನ ವಾರಗಳಲ್ಲಿ ಇದಕ್ಕೆ ಬಹಳ ಮುಂಚೆ ಜಾಗ ಕಾದಿರಿಸಬೇಕು. ಲಗಾರ್ ಎಂಬುದು ಮಂಡಿಯಿಂದ ತೊಡೆಯವರೆಗೆ ಆಳವಿರುವ ಚೌಕಾಕಾರದ ಗ್ರಾನೈಟ್ ತೊಟ್ಟಿ. ಕಾಲು ತೊಳೆದು, ಚಡ್ಡಿ ತೊಟ್ಟು ಇಳಿದರೆ ಮೊದಲು ಅನುಭವಕ್ಕೆ ಬರುವುದು ಮೃದುತನವಲ್ಲ, ಕಾಂಡದ ತುಂಡುಗಳ ಚುಚ್ಚು ಮತ್ತು ಅನಿರೀಕ್ಷಿತ ತಣುಪು. ಮೊದಲ ಎರಡು ಗಂಟೆ ಶಿಸ್ತಿನ ಕೆಲಸ: ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಸಾಲಾಗಿ ನಿಂತು, ಮೇಸ್ತ್ರಿ ಎಡ ಬಲ ಎಂದು ಕೂಗಿದಂತೆ ಕಾಲೆತ್ತಿ ಇಡಬೇಕು. ಅದು ಮುಗಿದ ಮೇಲೆ ‘ಸ್ವಾತಂತ್ರ್ಯ’ ಎಂದು ಕೂಗುತ್ತಾರೆ. ಅಕಾರ್ಡಿಯನ್ ಶುರುವಾಗುತ್ತದೆ, ತೊಟ್ಟಿಯೊಳಗೇ ಕುಣಿತ. ಬೀಜ ಒಡೆಯದಂತೆ ಸಿಪ್ಪೆಯ ಬಣ್ಣ ಹೊರಡಿಸಲು ಕಾಲಿನಷ್ಟು ಒಳ್ಳೆಯ ಯಂತ್ರ ಇನ್ನೂ ಬಂದಿಲ್ಲವೆಂದು ಕೆಲವು ಮನೆತನಗಳು ನಂಬುತ್ತವೆ. ಇನ್ನು ಕೆಲವರು ರೋಬೋಟ್ ಕಾಲುಗಳನ್ನೇ ಮಾಡಿಸಿಕೊಂಡಿದ್ದಾರೆ.

ಸಿಪ್ಪೆಯ ಸಾರವನ್ನು ಇಷ್ಟು ಅವಸರದಲ್ಲಿ ಹೊರಡಿಸಬೇಕಾದ ಕಾರಣ ಸರಳವಾಗಿದೆ. ಹುಳಿಬರುವ ಕ್ರಿಯೆ ಎರಡು ಮೂರು ದಿನ ನಡೆದು ಸಕ್ಕರೆ ಸುಮಾರು ಅರ್ಧಕ್ಕೆ ಇಳಿಯುತ್ತಲೇ, 77 ಪ್ರತಿಶತ ಆಲ್ಕೊಹಾಲಿನ ದ್ರಾಕ್ಷಿ ಸಾರಾಯಿಯನ್ನು ಸುರಿದು ಯೀಸ್ಟನ್ನು ಕೊಂದುಬಿಡುತ್ತಾರೆ. 550 ಲೀಟರಿನ ಪೀಪಾಯಿಗೆ ಹೆಚ್ಚುಕಡಿಮೆ 440 ಲೀಟರ್ ರಸ, 110 ಲೀಟರ್ ಸಾರಾಯಿ. ಉಳಿದ ಸಕ್ಕರೆ ಹಾಗೆಯೇ ನಿಲ್ಲುತ್ತದೆ, ಕೊನೆಗೆ ವೈನಿನ ಬಲ ಇಪ್ಪತ್ತು ಪ್ರತಿಶತದ ಆಸುಪಾಸಿಗೆ ಬರುತ್ತದೆ. ಮೇಸ್ತ್ರಿ ಆ ಸಾರಾಯಿಯ ಒಂದು ಹನಿಯನ್ನು ನನ್ನ ಅಂಗೈಗೆ ಹಾಕಿ ಉಜ್ಜಲು ಹೇಳಿದರು. ಚರ್ಮ ತಣ್ಣಗಾಗಿ, ಮೂಗಿಗೆ ಹೂವಿನಂಥ ತೆಳು ವಾಸನೆ ಬಂತು. ಕಾಲಿನ ನೇರಳೆ ಬಣ್ಣ ಮೂರು ಸ್ನಾನಕ್ಕೂ ಹೋಗಲಿಲ್ಲ.

ಭಾನುವಾರ

ಬೆಳಗ್ಗೆ ಮೋಡ ಕವಿದು ಹನಿಯತೊಡಗಿತು. ಕೊಯ್ಲಿನ ಮಧ್ಯೆ ಮಳೆ ಬಂದರೆ ಹಣ್ಣು ನೀರು ಕುಡಿದು ಕೊಳೆಯುತ್ತದೆ. ತಿಂಡಿಯ ಹೊತ್ತಿಗೆ ಹೋಟೆಲಿನವರೆಲ್ಲ ಫೋನಿನಲ್ಲಿ ಹವಾಮಾನವನ್ನೇ ನೋಡುತ್ತಿದ್ದರು. ನಾವು ಈ ಬಾರಿ ಎಡಬದಿಯ ಕಿಟಕಿಯಲ್ಲಿ ಕುಳಿತು ಪೋರ್ಟೊಗೆ ಮರಳಿದೆವು. ಮರುದಿನಕ್ಕೆ ನಾಲಿಗೆ ಹಾಳಾಗಬಾರದೆಂದು ಭಾವ ಸಾರಿಗೂ ಖಾರ ಹಾಕಿಸಿಕೊಳ್ಳಲಿಲ್ಲ.

ಸೋಮವಾರ, ಗಾಯಾ

ಹನ್ನೊಂದು ಗಂಟೆಗೆ ಗೊತ್ತಾಗಿದ್ದ ರುಚಿ ನೋಡುವ ಕೋಣೆ ಕೆಂಪು ಹೆಂಚಿನ ಗೋದಾಮಿನ ಹಿಂಬದಿಯಲ್ಲಿತ್ತು. ಒಂದೇ ಮನೆತನದ ವಿಂಟೇಜ್‌ಗಳು, ಬೇರೆ ಬೇರೆ ವರ್ಷದವು: 2017, 2000, 1985, 1977 ಮತ್ತು, ಬೇರೆ ಹಣ ಕೊಟ್ಟು ಇಬ್ಬರ ನಡುವೆ ಒಂದೇ ಲೋಟವಾಗಿ, 1963. ಒಂದೇ ತೋಟಗಳ, ಒಂದೇ ಕೈಗಳ ವೈನ್ ಆದರೆ ಮಾತ್ರ ವಯಸ್ಸಿನ ವ್ಯತ್ಯಾಸ ಸ್ವಚ್ಛವಾಗಿ ತಿಳಿಯುತ್ತದೆ. ಬೇರೆ ಬೇರೆ ಮನೆತನದ್ದನ್ನು ಬೆರೆಸಿದರೆ ಯಾವುದು ವಯಸ್ಸಿನ ಗುಣ, ಯಾವುದು ಮನೆಯ ಗುಣ ಎಂದು ಗೊತ್ತಾಗದೆ ಹೋಗುತ್ತದೆ. 1985 ನಾನು ಹುಟ್ಟಿದ ವರ್ಷ, 1977 ಭಾವನದು, 2017 ಅಕ್ಕನ ಮಗಳದು. ಮೂರೂ ಘೋಷಿತ ವರ್ಷಗಳಾದದ್ದು ನಮ್ಮ ಅದೃಷ್ಟ. ಅಕ್ಕ ಹುಟ್ಟಿದ್ದು ಹೆಚ್ಚಿನವರು ಬಿಟ್ಟುಬಿಟ್ಟ ವರ್ಷದಲ್ಲಿ, ಅದನ್ನು ಭಾವ ದಿನವಿಡೀ ನೆನಪಿಸುತ್ತಲೇ ಇದ್ದರು.

ನಮ್ಮನ್ನು ಕೂರಿಸಿದ ಯುವಕ ಹಿಂದಿನ ದಿನವೇ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿದ್ದ. ಸೋಸದೆ ತುಂಬಿದ ವೈನಾದ್ದರಿಂದ ವರ್ಷಗಳು ಕಳೆದಂತೆ ಬಣ್ಣ ಮತ್ತು ಒಗರಿನ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ಗಸಿಯಾಗಿ ಇಳಿಯುತ್ತವೆ. ಮಲಗಿಸಿಟ್ಟ ಬಾಟಲಿಯ ಒಂದು ಬದಿಗೆ ಹೊಪ್ಪಳೆಯಂತೆ ಕೂರುತ್ತವೆ. ಹಳೆಯ ಬಾಟಲಿಗಳ ಮೈಮೇಲೆ ಬಿಳಿ ಸುಣ್ಣದ ಒಂದು ಗೀಟು ಕಾಣುವುದು ಇದಕ್ಕಾಗಿಯೇ. ಯಾವ ಬದಿ ಮೇಲಿತ್ತೆಂದು ಅದು ಹೇಳುತ್ತದೆ, ಜಾಗ ಬದಲಿಸಿದರೂ ಅದೇ ಬದಿ ಮೇಲಿರಬೇಕು. 2017ನ್ನು ಬೆಳಗ್ಗೆಯೇ ಜಾಡಿಗೆ ಬಗ್ಗಿಸಿಟ್ಟಿದ್ದ, 1985ನ್ನು ಗಂಟೆಯ ಮುಂಚೆ. 1963ನ್ನು ನಮ್ಮೆದುರಿಗೇ ತೆರೆಯುವುದಾಗಿ ಹೇಳಿದ. ವಾಸನೆಯನ್ನು ಕಿರಿಯದರಿಂದ ಹಿರಿಯದಕ್ಕೆ ನೋಡಿ, ಆದರೆ ಗುಟುಕನ್ನು ಹಿರಿಯದರಿಂದ ಕಿರಿಯದಕ್ಕೆ ತೆಗೆದುಕೊಳ್ಳಿ, ಕಿರಿಯದರ ಒಗರು ನಾಲಿಗೆಗೆ ಕೂತರೆ ಹಿರಿಯದರ ಮಾತು ಕೇಳಿಸುವುದಿಲ್ಲ ಎಂಬುದು ಅವನ ಸಲಹೆ.

ಅಕ್ಕ ಕುಡಿಯುವುದಿಲ್ಲ, ಆದರೆ ಮೂಗಿಗೆ ಯಾವ ನಿಷೇಧವೂ ಇಲ್ಲವಲ್ಲ. ಮೊದಲ ಲೋಟವನ್ನು ಎತ್ತಿಕೊಂಡು, “ನೇರಳೆ ಹಣ್ಣು. ಸ್ವಲ್ಪ ಕೆಮ್ಮಿನ ಸಿರಪ್ಪು ಕೂಡ” ಎಂದಳು. 2017 ಕಪ್ಪೆನ್ನುವಷ್ಟು ನೇರಳೆ; ಲೋಟವನ್ನು ಓರೆ ಮಾಡಿದರೆ ಗಾಜಿಗೆ ಬಣ್ಣ ಮೆತ್ತಿ ನಿಲ್ಲುತ್ತಿತ್ತು. ಪೋರ್ಚುಗಲ್‌ಗೆ ಅದು ಬರ ಮತ್ತು ಕಾಡ್ಗಿಚ್ಚಿನ ವರ್ಷ. ಆಗಸ್ಟ್‌ನಲ್ಲೇ ಕೊಯ್ಲು ಆರಂಭಿಸಬೇಕಾಗಿ ಬಂತು, ಹಣ್ಣು ಸಣ್ಣದಾಗಿ, ರಸ ಕಡಿಮೆಯಾಗಿ, ಸಾರ ದಟ್ಟವಾಯಿತು. ಹಿಂದಿನ 2016ನ್ನೂ ಘೋಷಿಸಿದ್ದ ಹಲವು ಮನೆತನಗಳು ರೂಢಿ ಮುರಿದು ಇದನ್ನೂ ಘೋಷಿಸಿದವು.

2000ದ ಲೋಟಕ್ಕೆ ಬಂದಾಗ ಅಕ್ಕ ಎರಡು ಸಲ ಮೂಸಿ ಏನೂ ಹೇಳದೆ ಕೆಳಗಿಟ್ಟಳು. 1985ಕ್ಕೆ ಬಂದಾಗ ಮುಖ ಹಿಂಡಿದಳು.

“ಇದು ಮಳೆಗಾಲದ ಗೋಣಿಚೀಲ ಕಣೋ. ನಿನ್ನ ವರ್ಷ ಹೀಗೇಕೆ?”

ಭಾವ ನಕ್ಕರು, ನನಗೂ ಮೊದಲಿಗೆ ಅದು ಹಳೆಯದರ ಗುಣವಿರಬಹುದೆಂದೇ ತೋರಿತು. ಯುವಕ ಮಾತ್ರ ನಗದೆ ಲೋಟವನ್ನು ತೆಗೆದುಕೊಂಡು ಒಮ್ಮೆ ಮೂಸಿ, ಕ್ಷಮೆ ಕೇಳಿ, ಜಾಡಿಯನ್ನೇ ಎತ್ತಿಕೊಂಡು ಒಳಗೆ ಹೋದ. ಬಿರಡೆಯ ತೊಗಟೆಯಲ್ಲಿ ಬೂಷ್ಟಿನಿಂದ ಹುಟ್ಟುವ ಒಂದು ರಾಸಾಯನಿಕ ವೈನಿಗೆ ಇಳಿದರೆ ಹೀಗಾಗುತ್ತದೆ. ಆರೋಗ್ಯಕ್ಕೆ ಕೆಡುಕಿಲ್ಲ, ಆದರೆ ಹಣ್ಣಿನ ಪರಿಮಳವನ್ನೆಲ್ಲ ಅದು ನುಂಗಿಹಾಕುತ್ತದೆ. ಇನ್ನೊಂದು ಬಾಟಲಿ ಬಂತು. ಹಳೆಯ ವೈನನ್ನು ಹಣ ಕೊಟ್ಟು ಕುಡಿಯುವವರು, ‘ಇದು ಹೀಗೇ ಇರಬೇಕೇನೋ’ ಎಂದು ಸಂಕೋಚಪಟ್ಟು ಸುಮ್ಮನಿರಬಾರದು. ಕೇಳಿದರೆ ಯಾರೂ ಬೇಸರಿಸುವುದಿಲ್ಲ.

1963ರ ಬಿರಡೆ ತಿರುಪು ತಾಳುವಷ್ಟು ಗಟ್ಟಿಯಿರಲಿಲ್ಲ. ಯುವಕ ಉದ್ದ ಹಿಡಿಯ ಇಕ್ಕಳವನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಬಿರಡೆಯ ಕೆಳಗೆ ಬಾಟಲಿಯ ಕತ್ತನ್ನು ಅದರಿಂದ ಕಚ್ಚಿ ಹಿಡಿದು ಮನಸ್ಸಿನಲ್ಲೇ ಎಣಿಸಿದ. ಇಕ್ಕಳ ತೆಗೆದು ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದೇ ಗೆರೆಗೆ ಸುತ್ತಿದೊಡನೆ ಟಕ್ ಎಂಬ ಸಣ್ಣ ಸದ್ದು. ಕತ್ತು ಬಿರಡೆಸಮೇತ ಕೈಗೆ ಬಂತು. ಅಂಚು ಕೊರೆದಿಟ್ಟಷ್ಟು ನಯವಾಗಿತ್ತು. ಬಳಿಕ ಬಾಟಲಿಯ ಹೆಗಲ ಕೆಳಗೆ ದೀಪವಿಟ್ಟು, ಆಲಿಕೆಗೆ ತೆಳು ಬಟ್ಟೆ ಕಟ್ಟಿ, ಒಂದೇ ಧಾರೆಯಲ್ಲಿ ಬಗ್ಗಿಸುತ್ತ ಹೋದ. ಧಾರೆಯೊಳಗೆ ಹೊಗೆಯಂಥ ಮೊದಲ ಎಳೆ ಕಾಣಿಸಿಕೊಂಡ ಕ್ಷಣಕ್ಕೆ ನಿಲ್ಲಿಸಿದ. 1963ರ ಕಾಲಕ್ಕೆ ವಿಂಟೇಜ್ ಪೋರ್ಟಿನ ಬಹುಪಾಲು ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಹೋಗಿ ಅಲ್ಲಿನ ವ್ಯಾಪಾರಿಗಳ ಕೈಯಲ್ಲಿ ಬಾಟಲಿ ಸೇರುತ್ತಿತ್ತು. ಪೋರ್ಚುಗಲ್‌ನಲ್ಲೇ ತುಂಬಬೇಕೆಂಬ ಕಡ್ಡಾಯ ಬಂದದ್ದು 1970ರ ದಶಕದ ನಡುವೆ. ಹಾಗಾಗಿ ಅದೇ ವರ್ಷದ, ಅದೇ ಮನೆಯ ಎರಡು ಬಾಟಲಿಗಳೂ ಒಂದೇ ಸಮನಿರುವುದಿಲ್ಲವೆಂದು ಅವನು ಮೊದಲೇ ಎಚ್ಚರಿಸಿದ.

ಇನ್ನು ಗುಟುಕು. 1963ರ ಬಣ್ಣ ತಿಳಿಯಾದ ಇಟ್ಟಿಗೆಗೆಂಪು, ಅಂಚಿನಲ್ಲಿ ಜೇನು. ವಾಸನೆ ಕೋಣೆಯನ್ನೇ ತುಂಬಿತು: ಜಾಯಿಕಾಯಿ, ಒಣಗಿದ ಗುಲಾಬಿ, ಗಂಧದ ಪೆಟ್ಟಿಗೆ. ಆದರೆ ಬಾಯಿಗೆ ಬಂದಾಗ ಹಣ್ಣು ಬಹುದೂರ ಹೋಗಿತ್ತು, ಹಣ್ಣಿನ ಮರೆಯಲ್ಲಿದ್ದ ಸಾರಾಯಿಯ ಬಿಸಿ ಮತ್ತೆ ಮೇಲೆದ್ದಿತ್ತು. ಅರ್ಧ ಗಂಟೆಯೊಳಗೆ ಆ ಪರಿಮಳವೂ ತೆಳುವಾಯಿತು. 1963 ಆ ಶತಮಾನದ ಹೆಸರಾಂತ ವರ್ಷಗಳಲ್ಲೊಂದು, ಇನ್ನೊಂದು ಬಾಟಲಿ ಇನ್ನೂ ತುಂಬಿಕೊಂಡಿರಬಹುದು; ನಮ್ಮ ಪಾಲಿಗೆ ಬಂದದ್ದನ್ನು ನಾನು ಗೌರವದಿಂದ ಕುಡಿದೆ, ಸಂತೋಷದಿಂದ ಎಂದು ಹೇಳಲಾರೆ.

1977 ಬಿಡುಗಡೆಯಾದಾಗ ಹೊಗಳಿಕೆಯ ಸುರಿಮಳೆಯಾಗಿ, ಆಮೇಲೆ ಕೆಲವರು ದನಿ ತಗ್ಗಿಸಿದ ವರ್ಷ. ನನಗೆ ಆ ದಿನದ ಶ್ರೇಷ್ಠ ಲೋಟ ಅದೇ. ಕಿತ್ತಳೆ ಸಿಪ್ಪೆ, ಒಣ ಅಂಜೂರ, ಎಲ್ಲೋ ತಳದಲ್ಲಿ ಚಹಾದ ಎಲೆ; ಒಗರು ಕರಗಿ ಹೋಗಿ ನೇಯ್ಗೆಯಷ್ಟೇ ಉಳಿದಿತ್ತು. ಗಂಟಲಿಗಿಳಿದ ಮೇಲೂ ರುಚಿ ನಿಧಾನಕ್ಕೆ ರೂಪ ಬದಲಿಸುತ್ತಲೇ ಇತ್ತು. 2017ಕ್ಕಿಂತ ಇದು ಎಷ್ಟು ಕಡಿಮೆ ಸಿಹಿ ಎಂದು ಬೆರಗಾಗಿ ಕೇಳಿದರೆ, ಬಾಟಲಿಯಲ್ಲಿ ಸಕ್ಕರೆ ಕಡಿಮೆಯಾಗುವುದೇ ಇಲ್ಲ, ಸುತ್ತಲಿನ ಬೇರೆ ರುಚಿಗಳು ಬೆಳೆದಂತೆ ಸಿಹಿ ಹಿಂದೆ ಸರಿದಂತೆ ತೋರುತ್ತದಷ್ಟೆ ಎಂಬ ಉತ್ತರ ಬಂತು. ಎರಡನೆಯ ಬಾಟಲಿಯ 1985 ಅದರ ತಮ್ಮನೇ ಸರಿ. ಲವಂಗ, ಒಣದ್ರಾಕ್ಷಿ, ಇನ್ನೂ ಕೆಂಪು ಬಿಡದ ಮೈಕಟ್ಟು. ಭಾವನ ವರ್ಷವೇ ಮೇಲೆಂದು ಒಪ್ಪಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಿಜವಾದ ಪಾಠ ಮಾತ್ರ ಅಕ್ಕ ಮಾತಿಲ್ಲದೆ ಕೆಳಗಿಟ್ಟಿದ್ದ 2000. ಎಳೆತನದ ಹಣ್ಣು ಹೋಗಿದೆ, ಮುಪ್ಪಿನ ಪರಿಮಳ ಬಂದಿಲ್ಲ. ಬಾಯಲ್ಲಿ ಸಿಹಿ, ಒಗರು, ಬಿಸಿ ಮೂರೂ ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಂತಿದ್ದವು. ವಿಂಟೇಜ್ ಪೋರ್ಟ್ ಹೀಗೆ ನಡುವಯಸ್ಸಿನಲ್ಲಿ ಬಾಯಿ ಮುಚ್ಚಿಕೊಳ್ಳುವುದುಂಟು, ಎಷ್ಟು ವರ್ಷವೆಂದು ಹೇಳಲಾಗದು ಎಂದ ಯುವಕ. ಆಶ್ಚರ್ಯವೆಂದರೆ ಕೊನೆಗೆ ಕುಡಿದ 2017, ಒಗರಿನಿಂದ ಒಸಡನ್ನು ಬಿಗಿದರೂ, ಇದಕ್ಕಿಂತ ಎಷ್ಟೋ ಪಾಲು ಖುಷಿ ಕೊಟ್ಟಿತು. ವಯಸ್ಸಿನೊಡನೆ ರುಚಿ ಏಣಿ ಹತ್ತಿದಂತೆ ಮೇಲೆ ಮೇಲೆ ಹೋಗುವುದಿಲ್ಲ. ಎಳೆಯದರಲ್ಲಿ ಒಂದು ಎತ್ತರ, ನಡುವೆ ತಗ್ಗು, ನಲವತ್ತರ ಆಸುಪಾಸಿನಲ್ಲಿ ಇನ್ನೊಂದು ಎತ್ತರ, ಆಮೇಲೆ ಇಳಿಜಾರು. ನಮ್ಮ ಮೇಜಿನ ಮೇಲಾದರೂ ಅಂದು ಹಾಗಿತ್ತು.

ಲೋಟಗಳು ಖಾಲಿಯಾಗುವ ಮುನ್ನ ಯುವಕ ನದಿಯಾಚೆಗಿನ ಫ್ಯಾಕ್ಟರಿ ಹೌಸ್ ವಿಷಯ ಹೇಳಿದ. 1790ರಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿಗಳು ಕಟ್ಟಿ ಮುಗಿಸಿದ ಆ ಮನೆಯಲ್ಲಿ ಒಂದರ ಪಕ್ಕ ಒಂದು, ಎರಡು ಭೋಜನ ಶಾಲೆಗಳಿವೆ. ಊಟ ಮುಗಿದೊಡನೆ ಎಲ್ಲರೂ ಕೈವಸ್ತ್ರ ಹಿಡಿದುಕೊಂಡು ಎದ್ದು ಎರಡನೆಯ ಕೋಣೆಗೆ ಹೋಗಿ ಅದೇ ಕ್ರಮದಲ್ಲಿ ಕೂರುತ್ತಾರೆ; ಅಡುಗೆಯ ವಾಸನೆ ವಿಂಟೇಜ್‌ನ ವಾಸನೆಗೆ ಅಡ್ಡ ಬರಬಾರದೆಂದು. ವೈನ್ ಎಡಗಡೆಗೆ ಸುತ್ತುತ್ತದೆ, ವರ್ಷ ಯಾವುದೆಂದು ಅತಿಥಿಗಳು ಊಹಿಸಬೇಕು. ಅಲ್ಲಿ ಕುಳಿತರೆ ಅಕ್ಕನೇ ಗೆಲ್ಲುತ್ತಿದ್ದಳೆಂಬುದರಲ್ಲಿ ನಮಗಿಬ್ಬರಿಗೂ ಸಂಶಯವಿರಲಿಲ್ಲ.

ಮಂಗಳವಾರ, ಖರೀದಿ

ಮಗು ಹುಟ್ಟಿದ ವರ್ಷದ ವಿಂಟೇಜನ್ನು ಕೊಂಡಿಟ್ಟು ಅದು ದೊಡ್ಡದಾದಾಗ ಕೊಡುವ ಹಳೆಯ ಇಂಗ್ಲಿಷ್ ಪದ್ಧತಿಯನ್ನು ಭಾವ ಪಾಲಿಸಲು ನಿಶ್ಚಯಿಸಿ, 2017ರ ಎರಡು ಬಾಟಲಿ ತೆಗೆದುಕೊಂಡರು. “ರೀ, ಅವಳೂ ನನ್ನ ಹಾಗೆ ಕುಡಿಯದವಳಾದರೆ?” ಎಂದಳು ಅಕ್ಕ. ಮೂಸಿಯಾದರೂ ನೋಡಲಿ ಎಂದರು ಭಾವ. ಅವರ ಮನೆಯ ಮೆಟ್ಟಿಲ ಕೆಳಗಿನ ಕತ್ತಲ ಗೂಡು ವರ್ಷವಿಡೀ ತಂಪಾಗಿರುತ್ತದೆ, ಹಾಗಾಗಿ ಅಲ್ಲಿ ಮಲಗಿಸಿಡಬಹುದು.

ಬೆಂಗಳೂರಿನ ನನ್ನ ಮೂರನೆಯ ಮಹಡಿಯ ಮನೆಯಲ್ಲಿ ಏಪ್ರಿಲ್ ತಿಂಗಳ ಸೆಕೆಗೆ ವಿಂಟೇಜ್ ಇಡುವುದು ದುಡ್ಡನ್ನು ಬಿಸಿಲಿಗೆ ಒಣಹಾಕಿದಂತೆ. ಹಳೆಯ ಬಾಟಲಿಯನ್ನು ವಿಮಾನದಲ್ಲಿ ತಂದರೆ ಕದಡಿದ ಗಸಿ ಇಳಿಯಲು ವಾರಗಟ್ಟಲೆ ಕಾಯಬೇಕು, ತೆರೆದ ಮೇಲೆ ಒಂದೆರಡು ದಿನದಲ್ಲಿ ಮುಗಿಸಲೂ ಬೇಕು. ಸುಂಕವಿಲ್ಲದೆ ಎರಡು ಲೀಟರ್ ತರಬಹುದೆಂಬ ನಮ್ಮ ಮಿತಿಯೊಳಗೆ, ಮೊದಲ ದಿನದ ಮಾಲೀಕರ ಅಂಗಡಿಯಿಂದ ಇಪ್ಪತ್ತು ವರ್ಷದ ಟಾನಿಯ ಎರಡು ಬಾಟಲಿ ಕೊಂಡೆ. ಮರದಲ್ಲಿ ಬೇಕಾದಷ್ಟು ಗಾಳಿ ಕುಡಿದು ಬಂದ ಅದಕ್ಕೆ ಗಸಿಯೂ ಇಲ್ಲ, ಕಾಯುವ ಅಗತ್ಯವೂ ಇಲ್ಲ, ತೆರೆದು ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಕೆಡುವುದಿಲ್ಲ. ಭಾವ ನಮ್ಮ ಐದು ಲೋಟಗಳ ವರದಿ ಒಪ್ಪಿಸಿದಾಗ ಮಾಲೀಕರು 1977ರ ಬಗ್ಗೆ ನನ್ನ ಮಾತನ್ನು ಒಪ್ಪಲಿಲ್ಲ. ಅವರ ಪ್ರಕಾರ 1985 ಇನ್ನೂ ಹತ್ತು ವರ್ಷಕ್ಕೆ ಅದನ್ನು ಹಿಂದೆ ಹಾಕುತ್ತದೆ.